ಅರಿಶಿನ ಹಚ್ಚದ ಪತ್ರಿಕೆಗಳು

ಕ್ರಾಫ್ಟ್ ಮಿಸ್ ಲಗ್ನಪತ್ರಿಕೆಗಳ ಕಟ್ಟೊಂದನ್ನು ಬಿಚ್ಚಿ ಮಕ್ಕಳಿಗೆ ಎರಡೆರಡು ಹಂಚಿದರು. ಪ್ರೆಸ್ಸಿನಿಂದ ಈಗಷ್ಟೇ ಬಂದ ಹಾಗಿದ್ದವು.

“ದಪ್ಪ ಕಾಗದ, ಹಕ್ಕಿ ಚೆನ್ನಾಗಿ ನಿಲ್ಲುತ್ತೆ. ನಡುವೆ ಮಡಚಿ, ರೆಕ್ಕೆ ಕತ್ತರಿಸಿ.”

ಮುಂದಿನ ಬೆಂಚಿನ ಹುಡುಗಿ ತನ್ನದನ್ನು ತಿರುಗಿಸಿ ನೋಡಿದಳು. “ಮಿಸ್, ಇದರ ಮೂಲೆಗೆ ಅರಿಶಿನಾನೇ ಹಚ್ಚಿಲ್ಲ.”

“ಹಂಚೋವಾಗ ಹಚ್ತಾರೆ.”

“ಅಂದ್ರೆ ಇವನ್ನ ಯಾರಿಗೂ ಕೊಟ್ಟೇ ಇಲ್ವಾ?”

“ಇಲ್ಲ. ನೀನು ರೆಕ್ಕೆ ಕತ್ತರಿಸು.”

ಹುಡುಗಿ ಕತ್ತರಿಸಲಿಲ್ಲ, ಬೆರಳಿಟ್ಟು ಓದತೊಡಗಿದಳು. “ಚಿ. ಸೌ. ವನಮಾಲಾ... ಮಿಸ್, ಮದುವೆ ಇವತ್ತೇ! ಹತ್ತೂವರೆಗೆ ಮುಹೂರ್ತ! ಈ ವನಮಾಲಾ ನಿಮಗೆ ಗೊತ್ತಾ?”

ಮಿಸ್ ಗೋಡೆ ಗಡಿಯಾರ ನೋಡಿದರು. ಹತ್ತು ಇಪ್ಪತ್ತೈದು.

“ಗೊತ್ತು.”

“ಮತ್ತೆ ನೀವು ಹೋಗಲ್ವಾ?”

“ಇಲ್ಲಮ್ಮ.” ಅವಳ ಕೈಯಿಂದ ಪತ್ರಿಕೆ ತೆಗೆದುಕೊಂಡು, ಆ ಹೆಸರಿನ ಮೇಲೇ ಮಡಿಕೆ ಬೀಳುವಂತೆ ಉಗುರಿನಿಂದ ತೀಡಿ ಹಿಂದಕ್ಕೆ ಕೊಟ್ಟರು. “ಕೊಕ್ಕಿಗೆ ಕೆಂಪು ಹಚ್ಚು.”

ಅಷ್ಟರಲ್ಲಿ ಅಟೆಂಡರ್ ಹಾಜರಿ ಪುಸ್ತಕ ಹಿಡಿದು ಬಾಗಿಲಿಗೆ ಬಂದ.

“ವನಮಾಲಾ ಮಿಸ್, ಇವತ್ತಿಂದ ಹತ್ತು ದಿನ ನಿಮಗೆ ರಜೆ ಅಂತ ಬರೆದಿದೆ. ಅದಕ್ಕೆ ಅಡ್ಡಗೆರೆ ಎಳೆದು ಸೈನ್ ಹಾಕ್ಬೇಕಂತೆ.”