ಮಗ್ಗದ ಮೇಲಿನ ಹಕ್ಕಿ

ಎಲ್ಲರ ಗಮನದ ಹಕ್ಕಿಯೂ ಅವರವರ ಹೆಗಲ ಮೇಲೆ ಕೂತಿದ್ದರೆ, ರುಕ್ಮವ್ವನ ಮಗಳು ತೇಜಸ್ವಿನಿಯದು ಚಿಕ್ಕಂದಿನಿಂದಲೂ ಇಳಕಲ್ಲಿನ ಓಣಿಗಳನ್ನೆಲ್ಲ ಸುತ್ತುತ್ತಿತ್ತು. ಡಾಕ್ಟರು ಗುಳಿಗೆ ಕೊಟ್ಟ ಮೇಲೆ ಅದು ಕೂರುವುದನ್ನು ಕಲಿಯಿತು. ಹತ್ತನೆಯ ತರಗತಿಯಲ್ಲಿ ಗುಳಿಗೆ ಬಿಟ್ಟಾಗ, ಪರೀಕ್ಷೆಯ ನಡುವೆಯೇ ಕಿಟಕಿಯಿಂದ ಹಾರಿಹೋಗಿತ್ತು.

ಈಗ ಅವಳಿಗೆ ಇಪ್ಪತ್ತು. ಇವತ್ತು ಮೊದಲ ಸಲ ಮಗ್ಗದಲ್ಲಿ ಕೂತು, ಸೀರೆಯ ಮೈಯ ಎಳೆಗಳನ್ನು ಸೆರಗಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಿದ್ದಳು. ಒಂದೆಳೆ ತಪ್ಪಿದರೂ ಸೆರಗು ಬಿಟ್ಟುಕೊಳ್ಳುತ್ತದೆ. ಹಕ್ಕಿ ಮಗ್ಗದ ಮೇಲೆ ಅಲುಗದೆ ಕೂತಿತ್ತು.

ಹಾಲು ಕಾಯಲಿಟ್ಟಿದ್ದ ರುಕ್ಮವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು "ಗುಳಿಗಿ..." ಎನ್ನುವಷ್ಟರಲ್ಲಿ ಮಗಳೇ ಹೇಳಿದಳು: "ಮುಂಜಾನೆನ ತಗೊಂಡೀನವ್ವಾ."

ನೋಡಲು ಬಂದಿದ್ದ ನೆರೆಮನೆಯ ಅಂಬವ್ವನಿಗೆ ತಡೆಯಲಾಗಲಿಲ್ಲ. "ಹಕ್ಕಿ ಇಷ್ಟ್ ಚಲೋ ಕುಂತೈತಿ. ಇನ್ನೂ ಯಾಕವಾ ಆ ಗುಳಿಗಿ?"

ರುಕ್ಮವ್ವ ತಟ್ಟನೆ ಮಗಳತ್ತ ನೋಡಿದಳು. ಇದೇ ಮಾತು ಕೇಳಿ ಮಗಳು ಅಂದು ಗುಳಿಗೆ ಬಿಟ್ಟಿದ್ದಳು.

ತೇಜಸ್ವಿನಿ ಎಳೆಗಳಿಂದ ಕಣ್ಣು ಕೀಳಲಿಲ್ಲ. "ಹಕ್ಕಿ ಕುಂತೈತಂತ ಟೊಂಗಿ ಕಡೀತಾರೇನ್ ಅತ್ತಿ?"

ಕೊನೆಯ ಕೊಂಡಿ ಬಿತ್ತು. ರುಕ್ಮವ್ವನ ಹೆಗಲಿನ ಹಕ್ಕಿ ಹಾರಿಹೋಗಿ ಮಗಳ ಹಕ್ಕಿಯ ಪಕ್ಕ ಎದೆಯುಬ್ಬಿಸಿ ಕೂತಿತು. ಒಳಗೆ ಹಾಲು ಉಕ್ಕಿ ಒಲೆಯ ತುಂಬ ಹರಿಯುತ್ತಿತ್ತು, ಅದನ್ನು ಗಮನಿಸಲು ಅಲ್ಲಿ ಹಕ್ಕಿಯೇ ಇರಲಿಲ್ಲ.