ಕಡಲು ಇನ್ನೂ ಬಾರದ ಮನೆ

ಕಡಲು ದಿನಕ್ಕೆರಡು ಸಲ ಮನೆಯೊಳಗೆ ಬಂದುಹೋಗುವುದು ರೂಢಿಯಾದ ಮೇಲೆ, ಗುಲಾಬಕ್ಕನೂ ಕೇರಿಯವರೆಲ್ಲರ ಹಾಗೆ ಒಲೆಯನ್ನು ಸರಪಳಿಯಿಂದ ಜಂತಿಗೆ ತೂಗುಬಿಟ್ಟಿದ್ದಳು. ಅಂದೂ ಮೊಣಕಾಲು ನೀರಿನಲ್ಲಿ ನಿಂತು ಗಂಜಿ ಬೇಯಿಸುತ್ತಿದ್ದಳು. ತುಂಬು ಬಸುರಿ ಮಗಳು ಅಟ್ಟದಲ್ಲಿ ಮಲಗಿದ್ದಳು. ಬಾಣಂತನಕ್ಕೆ ಒಣ ನೆಲ ಬೇಕಿತ್ತು.

ಗುಡ್ಡದ ಮೇಲೆ ಸರ್ಕಾರ ಕೊಡುವ ಮನೆ ಜಾಗ ಯಾರಿಗೆಂದು ನಿರ್ಧರಿಸುವ ಸಂಶೋಧಕರೊಬ್ಬರು ನೀರಿಲ್ಲದಾಗ ಬಂದು, ಬೂಟನ್ನು ಮೆಟ್ಟಿಲಲ್ಲಿ ಬಿಟ್ಟು, ಎತ್ತರದ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದರು. ಈಗ ಕಾಲನ್ನೂ ಮೇಲೆಳೆದುಕೊಂಡಿದ್ದರು.

"ಕಡಲು ನುಗ್ಗಿದ ಮನೆಗೆ ಮಾತ್ರ ಜಾಗ ಅಮ್ಮಾ. ನಮ್ಮ ನಕ್ಷೆಯ ಪ್ರಕಾರ ನಿಮ್ಮಲ್ಲಿಗೆ ಅದು ಬರಲು ಇನ್ನೂ ಮೂವತ್ತು ವರ್ಷ ಇದೆ."

"ಹಾಂಗಾರೆ ಇದೆಂತ ಮಾರಾಯ್ರೆ? ನಿಮ್ಗೆ ಕಾಲ್ ತೊಳೂಕೆ ನಾ ಕೊಟ್ಟ ನೀರಾ?"

"ಕಣ್ಣಿಗೆ ಕಂಡದ್ದನ್ನೆಲ್ಲ ಒಪ್ಪಲಿಕ್ಕಾಗುವುದಿಲ್ಲ. ನಕ್ಷೆ ತಿದ್ದಬೇಕಾದರೆ ಸಮಿತಿ ಕೂರಬೇಕು."

"ಕೂರ್ಲಿ. ನಾವು ಹೆಂಗೂ ನಿಂತ್ಕಂಡೇ ಇದ್ದೇವಲ್ಲ."

ಅವರಿಗೆ ನಗು ಬರಲಿಲ್ಲ. 'ಅರ್ಹರಲ್ಲ' ಎಂದು ಒತ್ತಿ ಲ್ಯಾಪ್‌ಟಾಪ್ ಮುಚ್ಚಿದರು.

ಅಷ್ಟರಲ್ಲಿ ನೀರು ಇಳಿಯತೊಡಗಿತು. ಉಬ್ಬರದೊಂದಿಗೆ ಒಳಬಂದು ಒಲೆಯ ಕೆಳಗೆ ಸುತ್ತುತ್ತಿದ್ದ ಕರಿ ಬೂಟುಗಳು ಈಗ ಅವಳ ಕಾಲಿಗೆ ತಗುಲಿಕೊಂಡೇ ಬಾಗಿಲಿನತ್ತ ಹೊರಟವು. ಬಗ್ಗಿದರೆ ಕೈಗೆ ಸಿಗುತ್ತಿದ್ದವು. ಗುಲಾಬಕ್ಕ ಗಂಜಿ ತಿರುವಿದಳು.

"ಅಮ್ಮಾ, ಅಮ್ಮಾ, ಬೂಟು ಹಿಡೀರಿ. ಕಡಲು ಎಳ್ಕೊಂಡು ಹೋಗ್ತಾ ಇದೆ."

"ಯಾವ ಕಡಲು?" ಅವಳು ಸೌಟಿನಿಂದ ಒಂದು ಅಗುಳು ತೆಗೆದು ಬೆಂದಿದೆಯೇ ಎಂದು ಹಿಚುಕಿ ನೋಡಿದಳು. "ಅದು ಬರೂಕೆ ಇನ್ನೂ ಮೂವತ್ತ್ ವರ್ಷ ಇತ್ತಲ್ದಾ? ನಿಮ್ಮ ಬೂಟು ಮೆಟ್ಟಿಲಲ್ಲೇ ಇರ್ತ್. ಇಳ್ದು ಸಮಾ ಕಾಣಿ."