ಬೆರಳಿಟ್ಟ ಕಡೆ

"ಎಲ್ಲಿ ಹಾಕ್ಲಿ ರೀ?" ಎಂದು ಪೆನ್ನು ಹಿಡಿದ ಹೆಂಡತಿ ಕೇಳಿದ್ದು ವಕೀಲರನ್ನಲ್ಲ, ಗಂಡನನ್ನು. ಮೇಜಿನ ಮೇಲಿದ್ದದ್ದು ಅವರಿಬ್ಬರ ವಿಚ್ಛೇದನದ ಒಪ್ಪಂದ. ವಕೀಲರು ಮುಜುಗರದಿಂದ ಕನ್ನಡಕ ಸರಿಮಾಡಿಕೊಂಡರು. ಅವನ ತೋರುಬೆರಳು ಮಾತ್ರ ಇಷ್ಟು ವರ್ಷದ ರೂಢಿಯಂತೆ ತಾನಾಗಿಯೇ ಚಾಚಿಕೊಂಡು ಸಹಿಯ ಗೆರೆಯ ಮೇಲೆ ಕೂತಿತು. ಅವಳು ಸಹಿ ಹಾಕಿ ನಕ್ಕಳು. "ಇನ್ಮೇಲೆ ಬೆರಳು ತೋರಿಸೋರನ್ನ ಎಲ್ಲಿಂದ ತರ್ಲಿ ನಾನು?"

ಓದು ಬಾರದವಳಲ್ಲ ಅವಳು. ಬೇಕರಿಯ ಓವನ್ ಬಿಟ್ಟು ಬಂದವಳಿಗೆ ಪುರುಸೊತ್ತು ಇರುತ್ತಿರಲಿಲ್ಲ, ಅಷ್ಟೆ. ಹಿಟ್ಟಿನ ಕೈ ಒರೆಸಿಕೊಂಡು, ಅವನು ಬೆರಳಿಟ್ಟಲ್ಲಿ ಗೀಚಿ, ಮತ್ತೆ ಓಡುತ್ತಿದ್ದಳು. ಕಳೆದ ವರ್ಷ ಇಬ್ಬರ ಹೆಸರಲ್ಲಿದ್ದ ಬೇಕರಿಯನ್ನು ಅವನು ತನ್ನ ಅಣ್ಣನ ಹೆಸರಿಗೆ ಬರೆಸಿದಾಗಲೂ ಹಾಗೆಯೇ. "ಏನಿದು?" ಎಂದಿದ್ದಳು. "ಲೈಸೆನ್ಸ್ ರಿನ್ಯೂವಲ್" ಎಂದಿದ್ದ.

ವಕೀಲರು ಕೊನೆಯ ಹಾಳೆ ಮುಂದಿಟ್ಟರು. ದಂಪತಿ ಹಂಚಿಕೊಳ್ಳಬೇಕಾದ ಆಸ್ತಿ ಯಾವುದೂ ಇಲ್ಲ ಎಂದು ಅದರಲ್ಲಿತ್ತು. ಅವಳು ಅದರತ್ತ ಕಣ್ಣು ಹಾಯಿಸಲಿಲ್ಲ. ಪೆನ್ನು ಎತ್ತಿ ಅವನ ಬೆರಳಿಗಾಗಿ ಕಾದಳು. ಅವಳ ಮಣಿಕಟ್ಟಿನ ಮೇಲೆ ಓವನ್ ಬಾಗಿಲು ತಾಗಿ ಸುಟ್ಟ ಕಲೆಯಿತ್ತು.

"ಬೇಗ ತೋರಿಸ್ರಿ. ಬೇರೆ ಆದ್ರೂ ಬೇಕರಿ ಇಬ್ಬರದೂ ತಾನೇ? ಕಲಸಿಟ್ಟ ಹಿಟ್ಟು ಉಬ್ಬಿ ಕೂತಿರತ್ತೆ."

ಅವನ ಬೆರಳು ಸಹಿಯ ಗೆರೆಯವರೆಗೂ ಹೋಯಿತು. ಅಲ್ಲಿ ನಿಲ್ಲಲಾರದೆ ನಿಧಾನಕ್ಕೆ ಮೇಲೆ ಸರಿದು, ಆಸ್ತಿ ಯಾವುದೂ ಇಲ್ಲ ಎಂಬ ಸಾಲಿನ ಕೆಳಗೆ ಬಂದು ನಿಂತಿತು.

"ಸಹಿ ಹಾಕ್ಬೇಡ," ಎಂದ, ತಲೆ ಎತ್ತದೆ. "ಮೊದಲು ಇದನ್ನ ಓದು."